ಕಪಾಟಿನಲ್ಲಿ ಉಳಿದ ಸ್ಯಾಂಪಲ್‌ಗೂ ಸುಂಕವೇ? ಓದುಗರ ತೆರಿಗೆ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು ಬೀದರ್, ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳವು, ಮತ್ತು ಐದೂ ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿವೆ. ಗುಣಮಟ್ಟದ ಪರೀಕ್ಷೆಗಾಗಿ ಕಾರ್ಖಾನೆಯವರು ತೆಗೆದಿಟ್ಟ ಸರಕಿನ ಮೇಲೆ ತೆರಿಗೆ ಬೀಳುತ್ತದೆಯೇ ಎಂಬುದೇ ಆ ವಿಷಯ. ಮೊದಲ ಪತ್ರದ ಪ್ರಕರಣ ಇನ್ನೂ ವಿಚಾರಣೆಯಲ್ಲಿರುವುದರಿಂದಲೂ ಉಳಿದವುಗಳಿಗೆ ಅದೇ ಬುನಾದಿಯಾಗುವುದರಿಂದಲೂ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿರುವ ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಔಷಧ ಪರವಾನಗಿಯ ಷರತ್ತಿನಂತೆ ನಾವು ಪ್ರತಿ ಬ್ಯಾಚಿನಿಂದ ಕೆಲವು ಮಾತ್ರೆ ಪಟ್ಟಿಗಳನ್ನು (ಸ್ಟ್ರಿಪ್) ತೆಗೆದು, ಕಾರ್ಖಾನೆಯೊಳಗೇ ಬೀಗ ಹಾಕಿದ ಕೋಣೆಯಲ್ಲಿ ಇಡುತ್ತಿದ್ದೆವು. ಅವಧಿ ಮುಗಿದು ಮೂರು ತಿಂಗಳಾದ ಮೇಲೆ ಅವನ್ನು ನಾಶಪಡಿಸುತ್ತಿದ್ದೆವು. 2014–15 ಮತ್ತು 2015–16ರಲ್ಲಿ ಹೀಗೆ ಇಟ್ಟ ಮಾತ್ರೆಗಳ ಮೇಲೂ, ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಮುಗಿಸಿದ ಮಾತ್ರೆಗಳ ಮೇಲೂ ಕೇಂದ್ರ ಅಬಕಾರಿ ಸುಂಕ ಕೊಟ್ಟಿಲ್ಲವೆಂದು 2018ರ ಜೂನ್‌ನಲ್ಲಿ ಕಾರಣ ಕೇಳುವ ನೋಟಿಸ್ ಬಂತು. ಸುಂಕ, ಬಡ್ಡಿ ಮತ್ತು ಅಷ್ಟೇ ಮೊತ್ತದ ದಂಡ ಕೇಳಿದ್ದಾರೆ. ಮೊದಲ ಮೇಲ್ಮನವಿಯಲ್ಲಿ ಸೋತು, ಈಗ ಬೆಂಗಳೂರಿನ ನ್ಯಾಯಮಂಡಳಿಯಲ್ಲಿದ್ದೇವೆ. ಒಂದು ರೂಪಾಯಿಗೂ ಮಾರದ ಸರಕಿಗೆ ಸುಂಕ ಕೊಡಬೇಕೇ? ಜಿಎಸ್‌ಟಿ ಬಂದು ಇಷ್ಟು ವರ್ಷವಾದ ಮೇಲೆ ಈ ಹಳೆಯ ಬೇಡಿಕೆ ನಿಲ್ಲುತ್ತದೆಯೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅನೇಕರು ಇಲ್ಲಿಯೇ ತಪ್ಪು ಭರವಸೆ ಇಟ್ಟುಕೊಳ್ಳುತ್ತಾರೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಔಷಧದ ಮೇಲಿನ ಕೇಂದ್ರ ಅಬಕಾರಿ ಸುಂಕ ಹೋಯಿತು ನಿಜ. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 174ನೇ ಕಲಮು ಹಳೆಯ ಕಾನೂನಿನ ಕೆಳಗೆ ಆಗಲೇ ಹುಟ್ಟಿದ್ದ ಹಕ್ಕು ಮತ್ತು ಹೊಣೆಗಳನ್ನು ಉಳಿಸಿದೆ. ಆದ್ದರಿಂದ ಕಾನೂನೇ ಹೋಯಿತು, ಬೇಡಿಕೆಯೂ ಹೋಯಿತು ಎಂಬ ವಾದವನ್ನು ನ್ಯಾಯಮಂಡಳಿಯ ಮುಂದೆ ಇಡಬೇಡಿ. ಅದರಿಂದ ನಿಮ್ಮ ಗಟ್ಟಿ ವಾದಗಳ ತೂಕವೂ ಕಡಿಮೆಯಾಗುತ್ತದೆ.

ಇನ್ನು ಮೊದಲ ಪ್ರಶ್ನೆ. ಮಾರಾಟವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಸುಂಕದಿಂದ ಬಿಡುಗಡೆ ಸಿಗುವುದಿಲ್ಲ. ಮಾರಾಟ ತೆರಿಗೆಯು ಮಾರಾಟದ ಮೇಲೆ ಹುಟ್ಟಿದರೆ, ಅಬಕಾರಿ ಸುಂಕವು 1944ರ ಕೇಂದ್ರ ಅಬಕಾರಿ ಕಾಯ್ದೆಯ 3ನೇ ಕಲಮಿನಂತೆ ತಯಾರಿಕೆಯ ಮೇಲೆಯೇ ಹುಟ್ಟುತ್ತಿತ್ತು. ಮಾತ್ರೆ ಮಾತ್ರೆಯಾದ ಗಳಿಗೆಯಲ್ಲಿ ಸುಂಕದ ಹೊಣೆ ಬಂದಾಯಿತು. ಕೊಂಡವರಿದ್ದಾರೆಯೇ, ಹಣ ಬಂತೇ ಎಂಬುದನ್ನು ಆ ಕಲಮು ಕೇಳುವುದಿಲ್ಲ. ಆದರೆ ಹೊಣೆ ಹುಟ್ಟುವ ಗಳಿಗೆಯೂ ಹಣ ಕಟ್ಟಬೇಕಾದ ಗಳಿಗೆಯೂ ಒಂದೇ ಆಗಿರಲಿಲ್ಲ. 2002ರ ಕೇಂದ್ರ ಅಬಕಾರಿ ನಿಯಮಗಳ 4ನೇ ನಿಯಮದಂತೆ ಸರಕನ್ನು ತಯಾರಾದ ಜಾಗದಿಂದ ಹೊರಗೆ ಸಾಗಿಸುವಾಗ ಸುಂಕ ಕೊಡಬೇಕು, ಮತ್ತು 5ನೇ ನಿಯಮದಂತೆ ಆ ಸಾಗಣೆಯ ದಿನ ಯಾವ ದರವಿದೆಯೋ ಅದೇ ದರದಲ್ಲಿ ಕೊಡಬೇಕು. ವ್ಯಾಲೇಸ್ ಫ್ಲೋರ್ ಮಿಲ್ಸ್ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು: ಸುಂಕ ಹುಟ್ಟುವುದು ತಯಾರಿಕೆಯಿಂದ, ದರ ನಿಗದಿಯಾಗುವುದು ಸಾಗಣೆಯ ದಿನದಂದು.

ನಿಮ್ಮ ಪ್ರಕರಣದ ತಿರುಳು ಈ ಎರಡು ಗಳಿಗೆಗಳ ನಡುವಿನ ಅಂತರದಲ್ಲಿಯೇ ಇದೆ. ಅದೇ 5ನೇ ನಿಯಮದಲ್ಲಿ ಒಂದು ವಿವರಣೆಯಿದೆ: ಸರಕನ್ನು ಕಾರ್ಖಾನೆಯೊಳಗೇ ಬಳಸಿದರೆ, ಬಳಕೆಗಾಗಿ ಅದನ್ನು ಕೊಟ್ಟ ದಿನವೇ ಸಾಗಣೆಯ ದಿನವೆಂದು ತಿಳಿಯಬೇಕು. ಅಂದರೆ ಗೇಟು ದಾಟದೆಯೂ ಸಾಗಣೆ ಆಗಬಹುದು. ಇಲ್ಲಿಂದ ನಿಮ್ಮ ಎರಡು ಬಗೆಯ ಸ್ಯಾಂಪಲ್‌ಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ನಿಮ್ಮ ಉತ್ತರ ಪತ್ರದಲ್ಲಿ ಎರಡನ್ನೂ ಒಂದೇ ಕಂತೆಯಾಗಿ ಕಟ್ಟಿದ್ದರೆ ಮೊದಲು ಅದನ್ನು ಬಿಡಿಸಿ.

ಬೀಗ ಹಾಕಿದ ಕೋಣೆಯಲ್ಲಿ ಸುಮ್ಮನೆ ಇಟ್ಟ ಪಟ್ಟಿಗಳನ್ನು, ಅಂದರೆ ಕಂಟ್ರೋಲ್ ಸ್ಯಾಂಪಲ್‌ಗಳನ್ನು, ಮೊದಲು ನೋಡೋಣ. ಅವು ಗೇಟನ್ನೂ ದಾಟಿಲ್ಲ, ಯಾವ ಬಳಕೆಗೂ ಹೋಗಿಲ್ಲ. ನಾಳೆ ಯಾವುದಾದರೂ ಆಸ್ಪತ್ರೆಯಿಂದ ಈ ಬ್ಯಾಚಿನ ಮಾತ್ರೆ ಕೆಲಸ ಮಾಡಲಿಲ್ಲವೆಂಬ ದೂರು ಬಂದರೆ ಪರೀಕ್ಷಿಸಲು ಇರಲಿ ಎಂದು ಕಾದಿರಿಸಿದ ಸರಕು ಅದು. ಹಾಗೆ ಇಡುವುದು ನಿಮ್ಮ ಇಷ್ಟಾನಿಷ್ಟದ ಮಾತೂ ಆಗಿರಲಿಲ್ಲ. 1945ರ ಔಷಧ ನಿಯಮಗಳ 74ನೇ ನಿಯಮವು ಪ್ರತಿ ಬ್ಯಾಚಿನಿಂದ, ಆ ಬ್ಯಾಚಿನ ಎಲ್ಲ ಪರೀಕ್ಷೆಗಳಿಗೆ ಬೇಕಾಗುವ ಪ್ರಮಾಣದ ಕನಿಷ್ಠ ಎರಡು ಪಟ್ಟನ್ನು ತೆಗೆದಿಡಬೇಕೆಂದೂ, ಅವಧಿ ನಮೂದಾದ ಔಷಧವಾದರೆ ಅವಧಿ ಮುಗಿದು ಮೂರು ತಿಂಗಳವರೆಗೆ ಕಾಪಾಡಬೇಕೆಂದೂ ನಿಮ್ಮ ಕಾಲದಲ್ಲಿ ಕಟ್ಟಳೆ ಹಾಕಿತ್ತು. ಒಂದು ಕಾನೂನು ಇಡು ಎಂದದ್ದನ್ನು ಇಟ್ಟ ಮಾತ್ರಕ್ಕೆ ಇನ್ನೊಂದು ಕಾನೂನು ಅದನ್ನು ಸಾಗಣೆಯೆಂದು ಎಣಿಸಲಾಗದು. ಅಬಕಾರಿ ಇಲಾಖೆಯ ಪೂರಕ ಸೂಚನೆಗಳ ಕೈಪಿಡಿಯೂ ಇದೇ ನಿಲುವಿನಲ್ಲಿತ್ತು: ಕಾಯ್ದಿರಿಸಿದ ಸ್ಯಾಂಪಲ್ ಕಾರ್ಖಾನೆಯಲ್ಲಿಯೇ ಇದ್ದು ಅದರ ಸರಿಯಾದ ಲೆಕ್ಕವಿರುವವರೆಗೆ ಸುಂಕ ಕೊಡಬೇಕಿಲ್ಲ, ಮುಂದೆ ಹೊರಗೆ ಕಳಿಸಿದರೆ ಕೊಡಬೇಕು.

ಹಾಗಾದರೆ ನಾಶಪಡಿಸಿದ ದಿನ ಏನಾಯಿತು? ಇಲ್ಲಿ ನಿಮ್ಮ ದಾಖಲೆಗಳನ್ನು 2017ರ ಜೂನ್ 30ರ ಗೆರೆಯ ಆಚೆ ಮತ್ತು ಈಚೆ ಎಂದು ವಿಂಗಡಿಸಬೇಕು. ಆ ದಿನದೊಳಗೆ ನಾಶಪಡಿಸಿದ ಮಾತ್ರೆಗಳಿಗೆ ಕೇಂದ್ರ ಅಬಕಾರಿ ನಿಯಮಗಳ 21ನೇ ನಿಯಮ ಅನ್ವಯಿಸುತ್ತಿತ್ತು. ಸರಕು ಬಳಕೆಗಾಗಲಿ ಮಾರಾಟಕ್ಕಾಗಲಿ ಯೋಗ್ಯವಲ್ಲವೆಂದು ತಯಾರಕರು ಸಾಗಣೆಗೆ ಮೊದಲೇ ಅರ್ಜಿ ಕೊಟ್ಟರೆ ಸುಂಕ ಮಾಫಿ ಮಾಡಲು ಆ ನಿಯಮ ಅವಕಾಶ ಕೊಟ್ಟಿತ್ತು. ನೀವು ಆ ಅರ್ಜಿ ಕೊಟ್ಟು ಒಪ್ಪಿಗೆ ಪಡೆದಿದ್ದರೆ ಆ ಭಾಗದ ಬಗ್ಗೆ ನಿಶ್ಚಿಂತರಾಗಿರಬಹುದು. ಕೊಡದೆ ನಾಶಪಡಿಸಿದ್ದರೆ ಅದು ನಿಮ್ಮ ಪ್ರಕರಣದ ದುರ್ಬಲ ಭಾಗ, ಅದನ್ನು ಮುಚ್ಚಿಡದೆ ವಕೀಲರಿಗೆ ಮೊದಲೇ ಹೇಳಿ. ಮಾಫಿ ಸಿಕ್ಕಿದ್ದಲ್ಲಿಯೂ, ಆ ಮಾತ್ರೆಗಳಿಗೆ ಹೋದ ಕಚ್ಚಾ ಸಾಮಗ್ರಿಯ ಮೇಲೆ ಪಡೆದಿದ್ದ ಸೆನ್‌ವ್ಯಾಟ್ ಜಮೆಯನ್ನು (ಕೊಟ್ಟ ಸುಂಕವನ್ನು ಮುಂದೆ ಕಟ್ಟುವ ಸುಂಕದಲ್ಲಿ ಕಳೆದುಕೊಳ್ಳುವ ಸೌಲಭ್ಯ) 2004ರ ಸೆನ್‌ವ್ಯಾಟ್ ನಿಯಮಗಳ 3(5ಸಿ) ನಿಯಮದಂತೆ ವಾಪಸು ಮಾಡಬೇಕಿತ್ತು. ಮಾಡಿದ್ದರೆ ಅದರ ನಮೂದನ್ನೂ ಹುಡುಕಿ ತೆಗೆಯಿರಿ.

2017ರ ಜುಲೈ 1ರ ನಂತರವೂ ಕೋಣೆಯಲ್ಲಿದ್ದ ಮಾತ್ರೆಗಳ ವಿಷಯದಲ್ಲಿ ನಿಮ್ಮ ವಾದ ಬಹಳ ಗಟ್ಟಿಯಾಗಿದೆಯೆಂದು ನಾನು ನಂಬುತ್ತೇನೆ. 2015–16ರ ಕೊನೆಯಲ್ಲಿ ತಯಾರಾದ ಬ್ಯಾಚಿಗೆ ಎರಡು ವರ್ಷದ ಅವಧಿ ಎಂದಿಟ್ಟುಕೊಂಡರೂ ಅದು 2018ರವರೆಗೆ ಬಾಳುತ್ತದೆ. ನೋಟಿಸ್ ಹೇಳುವ ಕಾಲದಲ್ಲಿ ಆ ಪಟ್ಟಿಗಳು ಎಲ್ಲಿಗೂ ಸಾಗಿರಲಿಲ್ಲ, ಜಿಎಸ್‌ಟಿ ಬಂದ ದಿನ ಅವು ಅದೇ ಕಪಾಟಿನಲ್ಲಿದ್ದವು, ಮತ್ತು ಆ ದಿನದ ನಂತರ ಔಷಧಕ್ಕೆ ಹಚ್ಚಲು ಅಬಕಾರಿ ಸುಂಕದ ದರವೇ ಉಳಿದಿರಲಿಲ್ಲ. ಸಾಗಣೆಯೇ ಆಗದ ಸರಕಿನ ಮೇಲೆ ತಯಾರಾದ ವರ್ಷದಲ್ಲಿಯೇ ಸುಂಕ ಕೊಡಬೇಕಿತ್ತೆಂಬ ಬೇಡಿಕೆಗೆ ನಿಯಮದಲ್ಲಿ ಯಾವ ಆಧಾರವಿದೆಯೆಂದು ಇಲಾಖೆಯೇ ತೋರಿಸಬೇಕು. ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಇಟ್ಟ ಪಟ್ಟಿಗಳು, ಅವಧಿ ಮುಗಿದ ತಿಂಗಳು, ನಾಶಪಡಿಸಿದ ದಿನ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರುವಂತೆ ಪಟ್ಟಿ ಮಾಡಿ ನ್ಯಾಯಮಂಡಳಿಗೆ ಸಲ್ಲಿಸಿ. ಮಾತಿನಲ್ಲಿ ಅರ್ಧ ದಿನ ಹೇಳಿದರೂ ತಿಳಿಯದ್ದು ಆ ಹಾಳೆಯಲ್ಲಿ ಕಾಣುತ್ತದೆ.

ಪ್ರಯೋಗಾಲಯದಲ್ಲಿ ಕರಗಿಸಿ, ಪುಡಿಮಾಡಿ ಮುಗಿಸಿದ ಮಾತ್ರೆಗಳ ಮಾತು ಇಷ್ಟು ಸುಲಭವಲ್ಲ. ಅವು ಬಳಕೆಗೆ ಹೋದವು, ಆದ್ದರಿಂದ 5ನೇ ನಿಯಮದ ವಿವರಣೆಯೊಳಗೆ ಸಿಕ್ಕಿಕೊಳ್ಳುತ್ತವೆ. ಕಾರ್ಖಾನೆಯೊಳಗಿನ ಗುಣಮಟ್ಟದ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿ ನಾಶವಾದ ಸಿಗರೇಟುಗಳ ಮೇಲೂ ಸುಂಕ ಕೊಡಬೇಕೆಂದು ಐಟಿಸಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇಲಾಖೆಯವರು ಅದನ್ನು ಖಂಡಿತ ಮುಂದಿಡುತ್ತಾರೆ. ನಿಮಗೆ ಉಳಿಯುವ ದಾರಿಗಳು ಎರಡು. ಒಂದು, ಸ್ಯಾಂಪಲ್ ತೆಗೆದದ್ದು ಯಾವ ಹಂತದಲ್ಲಿ ಎಂಬುದು. ಒತ್ತುವ ಯಂತ್ರಕ್ಕೆ ಹೋಗುವ ಮೊದಲಿನ ಹರಳುಪುಡಿಯಿಂದ ತೆಗೆದದ್ದಾದರೆ ಅದು ಪೇಟೆಯಲ್ಲಿ ಮಾತ್ರೆಯೆಂದು ಮಾರುವ ಸರಕೇ ಅಲ್ಲ. ಪೇಟೆಯಲ್ಲಿ ಸರಕೆಂದು ಗುರುತಿಸಿಕೊಳ್ಳದ ವಸ್ತುವಿಗೆ ಅಬಕಾರಿ ಸುಂಕವಿಲ್ಲವೆಂಬುದು 1962ರ ದೆಹಲಿ ಕ್ಲಾತ್ ಮಿಲ್ಸ್ ತೀರ್ಪಿನಿಂದಲೂ ನಿಂತ ಮಾತು. ಎರಡು, 1995ರ ಮಾರ್ಚ್ 16ರ 67/95 ಅಧಿಸೂಚನೆ. ಕಾರ್ಖಾನೆಯೊಳಗೆ ತಯಾರಾಗಿ ಅಂತಿಮ ಸರಕಿನ ತಯಾರಿಕೆಗೆ ಸಂಬಂಧಿಸಿ ಅಲ್ಲಿಯೇ ಬಳಕೆಯಾಗುವ ಸರಕಿಗೆ ಅದು ವಿನಾಯಿತಿ ಕೊಟ್ಟಿತ್ತು. ಪರೀಕ್ಷೆಯಲ್ಲಿ ಪಾಸಾಗದೆ ಔಷಧವನ್ನು ಮಾರಲು ಕಾನೂನೇ ಬಿಡುವುದಿಲ್ಲವಾದ್ದರಿಂದ ಪರೀಕ್ಷೆಯೂ ತಯಾರಿಕೆಗೆ ಸಂಬಂಧಿಸಿದ್ದೇ ಎಂದು ವಾದಿಸಬಹುದು. ಈ ಎರಡನೆಯದು ನ್ಯಾಯವಾದ ವಾದವೆಂದು ನನಗೆ ಅನ್ನಿಸುತ್ತದೆ, ಆದರೆ ಗೆಲುವು ಖಚಿತವೆಂದು ಹೇಳಲಾರೆ. ಪರೀಕ್ಷೆಗೆ ಹೋದ ಮಾತ್ರೆಗಳ ಪ್ರಮಾಣ ಸಾಮಾನ್ಯವಾಗಿ ಕಂಟ್ರೋಲ್ ಸ್ಯಾಂಪಲ್‌ಗಿಂತ ಕಡಿಮೆ. ಆದ್ದರಿಂದ ಎರಡನ್ನೂ ಬಿಡಿಸಿಟ್ಟರೆ ಸೋಲಬಹುದಾದ ಭಾಗ ಸಣ್ಣದಾಗುತ್ತದೆ.

ಇದಕ್ಕಿಂತಲೂ ಮೊದಲು ನೋಡಬೇಕಾದದ್ದು ಕಾಲಮಿತಿ. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲದಿರುವುದು ನನಗೆ ಆತಂಕ ತಂದಿತು. ಕೇಂದ್ರ ಅಬಕಾರಿ ಕಾಯ್ದೆಯ 11ಎ ಕಲಮಿನಂತೆ ಸಾಧಾರಣ ಪ್ರಕರಣದಲ್ಲಿ ಒಂದು ವರ್ಷದೊಳಗೆ ನೋಟಿಸ್ ಕೊಡಬೇಕಿತ್ತು. 2016ರ ಮೇ 14ರಿಂದ ಅದು ಎರಡು ವರ್ಷವಾಯಿತು. ಐದು ವರ್ಷ ಹಿಂದಕ್ಕೆ ಹೋಗಬೇಕಾದರೆ ವಂಚನೆ, ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟದ್ದು, ಸುಂಕ ತಪ್ಪಿಸುವ ಉದ್ದೇಶ, ಇಂಥದ್ದೇನಾದರೂ ಇರಬೇಕು. 2016ರ ಮಾರ್ಚ್ ತಿಂಗಳ ರಿಟರ್ನ್‌ನಿಂದ ಎಣಿಸಿದರೂ 2018ರ ಜೂನ್‌ಗೆ ಎರಡು ವರ್ಷ ದಾಟಿದೆ. ಅಂದರೆ ನಿಮ್ಮ ಮೇಲಿನ ಇಡೀ ಬೇಡಿಕೆಯು ನೀವು ಮುಚ್ಚಿಟ್ಟಿರಿ ಎಂಬ ಆರೋಪದ ಮೇಲೆಯೇ ನಿಂತಿದೆ. ಔಷಧ ಕಾನೂನಿನ ಪ್ರಕಾರ ಇಡಲೇಬೇಕಾದ ವಹಿ, ದಿನದ ದಾಸ್ತಾನು ಲೆಕ್ಕದಲ್ಲಿನ ನಮೂದು, ಆ ವರ್ಷಗಳಲ್ಲಿ ಆಡಿಟ್‌ಗೆ ಬಂದವರು ಆ ವಹಿ ನೋಡಿ ಸಹಿ ಹಾಕಿದ್ದರೆ ಆ ಪುಟ, ಇವೇ ನಿಮ್ಮ ಸಾಕ್ಷಿಗಳು. ಬೀಗ ಹಾಕಿದ ಕೋಣೆ ಮುಚ್ಚಿಡುವುದಕ್ಕೆ ಇದ್ದದ್ದಲ್ಲ, ಔಷಧ ನಿರೀಕ್ಷಕರು ಬಂದಾಗ ತೆರೆದು ತೋರಿಸುವುದಕ್ಕೆ ಇದ್ದದ್ದು. ಮುಚ್ಚಿಟ್ಟ ಆರೋಪ ಬಿದ್ದುಹೋದರೆ ಅಷ್ಟೇ ಮೊತ್ತದ ದಂಡವೂ ಅದರೊಂದಿಗೇ ಬಿದ್ದುಹೋಗುತ್ತದೆ. ಈ ಅಂಶವನ್ನು ಮೇಲ್ಮನವಿಯಲ್ಲಿ ಎತ್ತಿರದಿದ್ದರೆ, ಹೆಚ್ಚುವರಿ ಆಧಾರವಾಗಿ ಸೇರಿಸಲು ಅನುಮತಿ ಕೇಳುವ ಅರ್ಜಿಯನ್ನು ಕೂಡಲೇ ಹಾಕಿಸಿ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲ ರಾಸಾಯನಿಕ ತಯಾರಿಸುವ ಹೊಸ ಘಟಕ ನಮ್ಮದು. ನಾವು ಅಬಕಾರಿ ಸುಂಕದ ಕಾಲವನ್ನು ಕಂಡವರಲ್ಲ. ಜಿಎಸ್‌ಟಿಯಲ್ಲಿ ಪರೀಕ್ಷೆಯ ಸ್ಯಾಂಪಲ್‌ಗೆ ತೆರಿಗೆ ಕೊಡಬೇಕೇ? ಹೈದರಾಬಾದಿನ ಪ್ರಯೋಗಾಲಯಕ್ಕೂ ಕೆಲವೊಮ್ಮೆ ಕಳಿಸುತ್ತೇವೆ.

ಉತ್ತರ: ಜಿಎಸ್‌ಟಿಯು ತಯಾರಿಕೆಯ ಮೇಲೆ ಹುಟ್ಟುವುದಿಲ್ಲ, ಪೂರೈಕೆಯ ಮೇಲೆ ಹುಟ್ಟುತ್ತದೆ. ನಿಮ್ಮದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಅಥವಾ ನಿಮ್ಮದೇ ಕಪಾಟಿನಲ್ಲಿಟ್ಟ ಸರಕನ್ನು ನೀವು ಯಾರಿಗೂ ಪೂರೈಸಿಲ್ಲ, ಆದ್ದರಿಂದ ಅದರ ಮೇಲೆ ತೆರಿಗೆ ಇಲ್ಲ. ಪ್ರಶ್ನೆ ಬೇರೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಆ ಸರಕಿಗೆ ಹೋದ ದ್ರಾವಕ, ಕಚ್ಚಾ ರಾಸಾಯನಿಕ ಮತ್ತು ಪ್ಯಾಕಿಂಗ್ ಸಾಮಗ್ರಿಯ ಮೇಲೆ ನೀವು ಕೊಟ್ಟ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ, ಪಡೆದಿರುತ್ತೀರಿ. ಕಳೆದುಹೋದ, ಕಳುವಾದ, ನಾಶವಾದ, ಲೆಕ್ಕದಿಂದ ಕೈಬಿಟ್ಟ ಸರಕಿಗೂ, ಕಾಣಿಕೆಯಾಗಿ ಅಥವಾ ಉಚಿತ ಸ್ಯಾಂಪಲ್ ಆಗಿ ಕೊಟ್ಟ ಸರಕಿಗೂ ಆ ಕ್ರೆಡಿಟ್ ಸಿಗದೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮು ಹೇಳುತ್ತದೆ.

ಪರೀಕ್ಷೆಯಲ್ಲಿ ಮುಗಿದುಹೋದ ಸರಕು ಈ ಸಾಲಿನಲ್ಲಿ ಬರುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಅದು ನಾಶವಾದದ್ದಲ್ಲ, ವ್ಯವಹಾರದ ಕೆಲಸಕ್ಕೆ ಬಳಕೆಯಾದದ್ದು. ತಯಾರಿಕೆಯಲ್ಲಿ ಸಹಜವಾಗಿ ಆಗುವ ನಷ್ಟಕ್ಕೆ ಕ್ರೆಡಿಟ್ ವಾಪಸು ಮಾಡಬೇಕಿಲ್ಲವೆಂದು ಎಆರ್‌ಎಸ್ ಸ್ಟೀಲ್ಸ್ ಪ್ರಕರಣದಲ್ಲಿ 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿರುವುದೂ ಈ ಕಡೆಗೇ ಬೆಂಬಲವಾಗುತ್ತದೆ. ಆದರೆ ಕಪಾಟಿನಲ್ಲಿ ಇಟ್ಟು, ಅವಧಿ ಮುಗಿದ ಮೇಲೆ ಸುಟ್ಟುಹಾಕುವ ಸ್ಯಾಂಪಲ್‌ಗೆ ನಾಶ ಎಂಬ ಪದ ನೇರವಾಗಿಯೇ ಹೊಂದುತ್ತದೆ. ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ನಿಮ್ಮಂಥ ಹೊಸ ಘಟಕಕ್ಕೆ ನಾನು ಹೇಳುವುದು, ನಾಶಪಡಿಸಿದ ತಿಂಗಳಲ್ಲಿಯೇ ಆ ಪಾಲಿನ ಕ್ರೆಡಿಟ್ ವಾಪಸು ಮಾಡಿ ನಿರಾಳವಾಗಿರಿ ಎಂದು. ಮೊತ್ತ ಎಷ್ಟು ಸಣ್ಣದೆಂಬುದನ್ನು ಲೆಕ್ಕ ಹಾಕಿಯೇ ನೋಡಿ. ಒಂದು ಬ್ಯಾಚು 100 ಕಿಲೋ ಇದೆ, ಅದರ ಕಚ್ಚಾ ಸಾಮಗ್ರಿಯ ಮೇಲೆ 18,000 ರೂಪಾಯಿ ತೆರಿಗೆ ಕೊಟ್ಟಿದ್ದೀರಿ, ನೀವು ತೆಗೆದಿಟ್ಟದ್ದು 200 ಗ್ರಾಂ ಎಂದುಕೊಳ್ಳೋಣ. ವಾಪಸು ಮಾಡಬೇಕಾದದ್ದು 36 ರೂಪಾಯಿ. ಇದನ್ನು ಜಿಎಸ್‌ಟಿಆರ್-3ಬಿ ನಮೂನೆಯ 4(ಬಿ)(1)ರಲ್ಲಿ ತೋರಿಸಬೇಕು. ಇಷ್ಟು ಸಣ್ಣ ಮೊತ್ತವನ್ನು ವರ್ಷಗಟ್ಟಲೆ ಬಿಟ್ಟು, ಆಡಿಟ್‌ನಲ್ಲಿ ಎಲ್ಲ ಬ್ಯಾಚುಗಳನ್ನೂ ಒಟ್ಟಿಗೆ ಕೆದಕಿಸಿಕೊಳ್ಳುವುದು ಯಾರಿಗೂ ಬೇಡ.

ಹೈದರಾಬಾದಿಗೆ ಕಳಿಸುವಾಗ ಬಿಲ್ ಮಾಡಬೇಡಿ, ಏಕೆಂದರೆ ಅದು ಮಾರಾಟವಲ್ಲ. ಜಿಎಸ್‌ಟಿ ನಿಯಮಗಳ 55ನೇ ನಿಯಮದಂತೆ ಡೆಲಿವರಿ ಚಲನ್ ಬರೆದು, ಪರೀಕ್ಷೆಗಾಗಿ ಮಾತ್ರ ಎಂದು ಅದರಲ್ಲಿ ಸ್ಪಷ್ಟವಾಗಿ ನಮೂದಿಸಿ ಕಳಿಸಿ. ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಣೆಗೆ ಆನ್‌ಲೈನ್‌ನಲ್ಲಿ ಪಡೆಯುವ ಪತ್ರ) ಕೂಡ ಬೇಕು. ಕೆಲವು ಮೂಲ ರಾಸಾಯನಿಕಗಳು ಎಷ್ಟು ದುಬಾರಿಯೆಂದರೆ ಸಣ್ಣ ಬಾಟಲಿಯೇ ಆ ಗೆರೆ ದಾಟಬಹುದು, ಆದ್ದರಿಂದ ತೂಕ ನೋಡಿ ಬಿಡದೆ ಬೆಲೆ ನೋಡಿ. ಪ್ರಯೋಗಾಲಯದವರು ತಮ್ಮ ಶುಲ್ಕದ ಮೇಲೆ ಹಚ್ಚುವ ಜಿಎಸ್‌ಟಿಗೆ ನಿಮಗೆ ಕ್ರೆಡಿಟ್ ಇದೆ. ಆದರೆ ಕೊಳ್ಳಬಹುದಾದ ಕಂಪನಿಗೆ ಪರೀಕ್ಷಿಸಿ ನೋಡಲೆಂದು ಪುಕ್ಕಟೆಯಾಗಿ ಕೊಟ್ಟ ಸರಕನ್ನು ಈ ಲೆಕ್ಕದೊಂದಿಗೆ ಬೆರೆಸಬೇಡಿ. ಅದು ಉಚಿತ ಸ್ಯಾಂಪಲ್, ಅದರ ಪಾಲಿನ ಕ್ರೆಡಿಟ್ ವಾಪಸು ಮಾಡಲೇಬೇಕು. 2019ರ ಮಾರ್ಚ್ 7ರ 92ನೇ ಸುತ್ತೋಲೆ ಇದನ್ನು ಬಿಡಿಸಿ ಹೇಳಿದೆ.

ನಾಶವಾದ, ಕೈಬಿಟ್ಟ ಮತ್ತು ಉಚಿತ ಸ್ಯಾಂಪಲ್ ಆಗಿ ಕೊಟ್ಟ ಸರಕಿನ ಲೆಕ್ಕವನ್ನು ಪ್ರತ್ಯೇಕವಾಗಿ ತೋರಿಸಬೇಕೆಂದು 56ನೇ ನಿಯಮವೇ ಹೇಳುತ್ತದೆ. ಆ ಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಗುಣಮಟ್ಟ ವಿಭಾಗದವರ ಸ್ಯಾಂಪಲ್ ವಹಿಯೂ ಲೆಕ್ಕಪತ್ರ ವಿಭಾಗದ ದಾಸ್ತಾನು ಪುಸ್ತಕವೂ ಒಂದನ್ನೊಂದು ನೋಡದೆ ಬೆಳೆಯುವುದನ್ನು ಅನೇಕ ಕಡೆ ಕಂಡಿದ್ದೇನೆ. ತಿಂಗಳಿಗೊಮ್ಮೆ ಇಬ್ಬರೂ ಕೂತು ಎರಡನ್ನೂ ತಾಳೆ ನೋಡುವ ಪದ್ಧತಿಯನ್ನು ಮೊದಲ ವರ್ಷದಿಂದಲೇ ಹಾಕಿಕೊಳ್ಳಿ.

ಪ್ರಶ್ನೆ: ಸೇಡಂ ಸಮೀಪದ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ದಿನವೂ ಸಿಮೆಂಟಿನ ಘನಗಳನ್ನು ಎರಕ ಹೊಯ್ದು ಒಡೆಯುತ್ತೇವೆ. ಇದಕ್ಕೂ ತೆರಿಗೆಯ ಲೆಕ್ಕವಿದೆಯೇ? ನಮ್ಮ ವಿಭಾಗದಿಂದ ಪ್ರಮಾಣ ಬರೆದುಕೊಡಿ ಎಂದು ಕಚೇರಿಯವರು ಹೊಸದಾಗಿ ಕೇಳುತ್ತಿದ್ದಾರೆ.

ಉತ್ತರ: ಕಚೇರಿಯವರು ಕೇಳುವುದು ಸರಿಯಾಗಿಯೇ ಇದೆ, ದಯವಿಟ್ಟು ಬರೆದುಕೊಡಿ. 70.6 ಮಿಲಿಮೀಟರ್ ಬದಿಯ ಒಂದು ಘನಕ್ಕೆ 200 ಗ್ರಾಂ ಸಿಮೆಂಟ್ ಮತ್ತು 600 ಗ್ರಾಂ ಮರಳು ಹೋಗುತ್ತದೆಂಬುದು ನಿಮಗೇ ಗೊತ್ತಿರುವ ವಿಷಯ. 3, 7 ಮತ್ತು 28 ದಿನಗಳಿಗೆ ಮೂರು ಮೂರರಂತೆ ಒಂಬತ್ತು ಘನ ಹೊಯ್ದರೆ ಒಂದು ಸ್ಯಾಂಪಲ್‌ಗೆ 1.8 ಕಿಲೋ ಸಿಮೆಂಟ್ ಮುಗಿಯುತ್ತದೆ. 50 ಕಿಲೋ ಚೀಲದ ಮುಂದೆ ಇದು ಏನೂ ಅಲ್ಲ, ಆದರೆ ದಿನಕ್ಕೆ ಹಲವು ಸ್ಯಾಂಪಲ್‌ಗಳಂತೆ ವರ್ಷವಿಡೀ ಕೂಡಿದರೆ ದಾಸ್ತಾನು ಪುಸ್ತಕದಲ್ಲಿ ಕಾರಣ ಹೇಳಲಾಗದ ಕೊರತೆಯಾಗಿ ಕಾಣುತ್ತದೆ. ಪ್ರಯೋಗಾಲಯದ ವಹಿ ಇದ್ದರೆ ಅದು ಪರೀಕ್ಷೆಯ ಬಳಕೆ. ಇಲ್ಲದಿದ್ದರೆ ಬಿಲ್ಲಿಲ್ಲದೆ ಮಾರಿದ ಸಿಮೆಂಟೆಂದು ಅನುಮಾನಿಸಲು ಅವಕಾಶವಾಗುತ್ತದೆ, ಆಗ ಕ್ರೆಡಿಟ್ ಮಾತ್ರವಲ್ಲ, ಪೂರ್ತಿ ತೆರಿಗೆಯನ್ನೇ ಕೇಳುತ್ತಾರೆ. ಸಿಮೆಂಟಿನ ಜಿಎಸ್‌ಟಿ ದರ 2025ರ ಸೆಪ್ಟೆಂಬರ್ 22ರಿಂದ 28ರ ಬದಲು ಶೇಕಡಾ 18 ಆಗಿದ್ದರೂ ಅದು ಸಣ್ಣ ದರವೇನಲ್ಲ.

ಒಡೆದ ಘನದ ಚೂರುಗಳನ್ನು ಹಣಕ್ಕೆ ಕೊಟ್ಟರೆ ಅದು ಪೂರೈಕೆ, ಬಿಲ್ ಬೇಕು. ಕಾರ್ಖಾನೆಯೊಳಗಿನ ರಸ್ತೆಯ ಗುಂಡಿಗೆ ಹಾಕಿದರೆ ತೆರಿಗೆಯ ಮಾತಿಲ್ಲ.

ಪ್ರಶ್ನೆ: ಹುಮನಾಬಾದಿನಲ್ಲಿ ನಮ್ಮದು ಸಣ್ಣ ಔಷಧ ಘಟಕ. ಔಷಧ ನಿರೀಕ್ಷಕರು ಬಂದು ಪರೀಕ್ಷೆಗೆಂದು ಸ್ಯಾಂಪಲ್ ಒಯ್ದರು. ಹಣ ಕೊಡಲು ಬಂದರೂ ಗೌರವಕ್ಕೆಂದು ನಾವು ತೆಗೆದುಕೊಳ್ಳಲಿಲ್ಲ. ಇದು ಉಚಿತ ಸ್ಯಾಂಪಲ್ ಆಯಿತೇ?

ಉತ್ತರ: 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ 23ನೇ ಕಲಮಿನಂತೆ ನಿರೀಕ್ಷಕರು ನ್ಯಾಯವಾದ ಬೆಲೆಯನ್ನು ಕೊಡಲು ಮುಂದಾಗಲೇಬೇಕು, ಮತ್ತು ಅದನ್ನು ತೆಗೆದುಕೊಳ್ಳುವುದರಲ್ಲಿ ಅಗೌರವವೇನೂ ಇಲ್ಲ. ಬೆಲೆ ತೆಗೆದುಕೊಂಡರೆ ಅದು ಹಣಕ್ಕಾಗಿ ಮಾಡಿದ ಪೂರೈಕೆಯಾಗುತ್ತದೆ. ಬಿಲ್ ಮಾಡಿ ತೆರಿಗೆ ಕಟ್ಟಿದರೆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ಕ್ರೆಡಿಟ್ ವಾಪಸು ಮಾಡುವ ಪ್ರಶ್ನೆಯೂ ಇರುವುದಿಲ್ಲ. ಬೆಲೆ ಬೇಡವೆಂದರೆ ಅವರು ಅದಕ್ಕೆ ಪ್ರತ್ಯೇಕ ರಸೀದಿ ಕೊಡಬೇಕು. ಆಗ ನಿಮ್ಮ ಪುಸ್ತಕದಲ್ಲಿ ಅದು ಹಣವಿಲ್ಲದೆ ಹೊರಹೋದ ಸರಕಾಗುತ್ತದೆ, ಮತ್ತು ಅದರ ಪಾಲಿನ ಕ್ರೆಡಿಟ್ ವಾಪಸು ಮಾಡುವುದೇ ಕ್ಷೇಮ. ಮುಂದಿನ ಸಲ ಬೆಲೆ ತೆಗೆದುಕೊಳ್ಳಿ.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳಬೇಕು. ತಯಾರಾಗುವ ಜಾಗದಲ್ಲಿಯೇ ಸ್ಯಾಂಪಲ್ ತೆಗೆದಾಗ ಅದನ್ನು ಮೂರು ಭಾಗ ಮಾಡುತ್ತಾರೆ. ಅದರಲ್ಲಿ ಒಂದನ್ನು ನಿಮಗೇ ಮರಳಿ ಕೊಡಬೇಕು. ಆ ಮುದ್ರೆ ಹಾಕಿದ ಭಾಗವನ್ನು ನಿಮ್ಮ ಕಂಟ್ರೋಲ್ ಸ್ಯಾಂಪಲ್ ಕಪಾಟಿನಲ್ಲಿಯೇ, ಬೇರೆ ನಮೂದಿನೊಂದಿಗೆ ಜೋಪಾನವಾಗಿಡಿ. ಸರ್ಕಾರಿ ಪ್ರಯೋಗಾಲಯದ ವರದಿ ನಿಮಗೆ ವಿರುದ್ಧವಾಗಿ ಬಂದರೆ ಮುಂದಿನ ಹೋರಾಟಕ್ಕೆ ಅದು ಬೇಕಾಗುತ್ತದೆ.

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ತಂದೆಯ ಕಾಲದಿಂದ ಬೇಳೆ ಮಿಲ್ ಇದೆ. ಪ್ರತಿ ಲಾಟಿನಿಂದ ಅರ್ಧ ಕಿಲೋ ತೊಗರಿಬೇಳೆಯನ್ನು ಚೀಟಿ ಅಂಟಿಸಿ ತೆಗೆದಿಡುತ್ತೇವೆ, ವ್ಯಾಪಾರಿ ತಕರಾರು ಮಾಡಿದರೆ ತೋರಿಸಲು. ಇದಕ್ಕೂ ಲೆಕ್ಕ ಇಡಬೇಕೇ? ನಮ್ಮ ಬೀಗರೊಬ್ಬರು ಮದ್ಯ ತಯಾರಿಕೆಯ ಘಟಕದಲ್ಲಿದ್ದಾರೆ, ಅಲ್ಲಿ ಸ್ಯಾಂಪಲ್‌ಗೂ ಅಬಕಾರಿ ಸುಂಕ ಇದೆಯೆಂದು ಅವರು ಹೇಳಿದ್ದರಿಂದ ಗಾಬರಿಯಾಗಿದೆ.

ಉತ್ತರ: ಗಾಬರಿ ಬೇಡ. ಬೇಳೆಗೆ ಅಬಕಾರಿ ಸುಂಕದ ಸಂಬಂಧವಿಲ್ಲ. ಬಿಡಿಯಾಗಿ ಮಾರುವ ಬೇಳೆಗೆ ಜಿಎಸ್‌ಟಿಯೂ ಇಲ್ಲ, ಕ್ರೆಡಿಟ್ ಕೂಡ ಇಲ್ಲ, ಆದ್ದರಿಂದ ವಾಪಸು ಮಾಡಲು ಏನೂ ಇರುವುದಿಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಚೀಲಗಳಿಗೆ ಶೇಕಡಾ 5 ಜಿಎಸ್‌ಟಿ ಇದೆ. ಅಂಥ ಚೀಲವನ್ನೇ ಹೊರಗಿನ ವ್ಯಾಪಾರಿಗಳಿಗೆ ಪುಕ್ಕಟೆ ಸ್ಯಾಂಪಲ್ ಆಗಿ ಕಳಿಸಿದರೆ ಮಾತ್ರ ಚೀಲದ ಸಾಮಗ್ರಿ ಮೊದಲಾದವುಗಳ ಮೇಲಿನ ಅಲ್ಪ ಕ್ರೆಡಿಟ್ ವಾಪಸು ಮಾಡಬೇಕಾಗುತ್ತದೆ. ಗುರುತಿಗೆಂದು ನೀವು ಅಂಟಿಸುವ ಲಾಟಿನ ಚೀಟಿ ಮಾರಾಟದ ಲೇಬಲ್ ಅಲ್ಲ. ತೆಗೆದಿಟ್ಟ ಅರ್ಧ ಕಿಲೋಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಸಾಕು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕ ಮೇಲಂತೂ, ಬೇರೆ ಬೇಳೆಯನ್ನು ನಮ್ಮ ಹೆಸರಿನಲ್ಲಿ ಬೆರೆಸಿದ ತಕರಾರು ಬಂದಾಗ ಆ ಪೊಟ್ಟಣಗಳೇ ನಿಮ್ಮ ಪರವಾಗಿ ನಿಲ್ಲುತ್ತವೆ.

ನಿಮ್ಮ ಬೀಗರು ಹೇಳಿದ್ದು ಅವರ ಉದ್ಯಮದ ಮಟ್ಟಿಗೆ ನಿಜ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ, ಅದರ ಮೇಲಿನ ಸುಂಕ ರಾಜ್ಯದ್ದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಕೆಳಗೆ ಅಲ್ಲಿ ಸರಕಿನ ಲೆಕ್ಕ ಅಳತೆಯ ಮೇಲೆ ನಡೆಯುತ್ತದೆ, ಮತ್ತು ಪರೀಕ್ಷೆಗೆ ತೆಗೆದ ಬಾಟಲಿಯೂ ಆ ಅಳತೆಯಲ್ಲಿ ಕಾಣಬೇಕು. ತಂಬಾಕಿನ ಸರಕಿಗೂ ಜಿಎಸ್‌ಟಿಯ ಜೊತೆಗೆ ಕೇಂದ್ರ ಅಬಕಾರಿ ಸುಂಕ ಇಂದಿಗೂ ಇದೆ, ಆದ್ದರಿಂದ ಮೊದಲ ಪತ್ರಕ್ಕೆ ಉತ್ತರವಾಗಿ ಹೇಳಿದ ಸಾಗಣೆ ಮತ್ತು ಒಳಬಳಕೆಯ ತೊಡಕು ಆ ಉದ್ಯಮದವರಿಗೆ ಹಳೆಯ ಮಾತಾಗಿಲ್ಲ. ಅವರು ಸ್ಯಾಂಪಲ್ ತೆಗೆಯುವ ಪ್ರತಿ ದಿನವೂ ಅದನ್ನು ಎದುರಿಸುತ್ತಾರೆ. ನಿಮ್ಮ ಮಿಲ್ಲಿಗೆ ಅದು ತಾಗುವುದಿಲ್ಲ.